ಸೊಪ್ಪಿನ ಗುಡ್ಲಿಗೂ ಪರವಾನಗಿ ಕೇಳಿದವರಿಗೆ

ಮಾನ್ಯರೇ,

ಬೆಂಕಿ ಪುನರ್ವಸತಿ ಸಮಿತಿಯ ಅಧ್ಯಕ್ಷರೆಂಬ ತಮ್ಮ ಪದವಿಗೆ ಮೊದಲು ಕೈಮುಗಿಯುತ್ತೇನೆ. ನಮ್ಮ ಮನೆ ಸುಟ್ಟಿತೆಂದು ತಮ್ಮನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಬೆಂಕಿಯೇನೂ ತಮ್ಮ ಕಚೇರಿಯ ಅನುಮೋದನೆ ಪಡೆದು ಬಂದದ್ದಲ್ಲ. ಆದರೆ ಸುಟ್ಟ ಮನೆಯನ್ನು ಅದೇ ಜಾಗದಲ್ಲಿ ಕಟ್ಟಬಹುದೋ ಕೂಡದೋ ಎಂದು ಹೇಳುವ ಅಧಿಕಾರವನ್ನು ತಮ್ಮ ಸಮಿತಿ ಕೇಳಿ ಪಡೆದುಕೊಂಡಿತು. ಪಡೆದುಕೊಂಡು, ಹೇಳದೆ ಕುಳಿತಿದೆ. ಶಿವರಾತ್ರಿ ಕಳೆದ ವಾರದಲ್ಲಿ ಸುಟ್ಟ ಮನೆಗೆ ಗೌರಿ ಹಬ್ಬದ ಹೊತ್ತಿಗೂ ಉತ್ತರ ಬರಲಿಲ್ಲ, ಪಿತೃಪಕ್ಷಕ್ಕೂ ಬರಲಿಲ್ಲ. ತೀರಿಹೋದ ನಮ್ಮ ಮಾವನವರಿಗೆ ಈ ವರ್ಷ ಎಡೆ ಇಟ್ಟದ್ದು ಬೇರೆಯವರ ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ. "ನಾವು ಇಲ್ಲಿದ್ದೀವಿ ಅಂತ ಅವ್ರ್ಗೆ ಗೊತ್ತಾಯ್ತದಾ?" ಎಂದು ನಮ್ಮ ಅತ್ತೆ ಕೇಳಿದರು. ತಮ್ಮ ಕಡತದಲ್ಲಿ ಈ ಪ್ರಶ್ನೆಗೆ ಜಾಗವಿರಲಾರದು.

ನನ್ನ ಹೆಸರು ಶಾಲಿನಿ. ಮಳವಳ್ಳಿ ತಾಲ್ಲೂಕು, ಹಲಗೂರಿನಾಚೆ, ಕುರುಚಲು ಕಾಡಿನ ಬುಡದಲ್ಲಿರುವ ಹುಣಸೇಬೋರೆಯ ಸೊಸೆ. ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರು ಕೂರಿಸುವ ಕೆಲಸ. ನನ್ನ ಯಜಮಾನರು ಪ್ರಸನ್ನ, ಗೂಡ್ಸ್ ಆಟೋದಲ್ಲಿ ಎಳನೀರು ತುಂಬಿಕೊಂಡು ಮದ್ದೂರಿನ ಮಾರುಕಟ್ಟೆಗೆ ಹೊಡೆಯುತ್ತಾರೆ. ನಮಗೆ ಒಬ್ಬಳೇ ಮಗಳು, ಶೋಭಿತಾ, ಎಂಟನೇ ತರಗತಿ. ಅತ್ತೆ ರೇವಮ್ಮ ನಾಲ್ಕೈದು ಬಂಡೂರು ಕುರಿ ಸಾಕಿಕೊಂಡು ಮನೆಯಲ್ಲಿರುತ್ತಿದ್ದರು. ಅಂದರೆ, ಮನೆ ಇದ್ದಾಗ ಇರುತ್ತಿದ್ದರು.

ಬೆಂಕಿ ಬಂದದ್ದು ಮಧ್ಯಾಹ್ನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ. ನಮ್ಮ ಲೈನಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಸೂಪರ್‌ವೈಸರ್ ಬಂದು, "ಶಾಲಿನಿ, ಊರಿಂದ ಆಫೀಸಿಗೆ ಫೋನ್ ಬಂದಿದೆ, ಹೊರಡು" ಎಂದಾಗ ಅತ್ತೆಗೆ ಏನೋ ಆಗಿದೆ ಎಂದುಕೊಂಡೆ. ಹಲಗೂರು ದಾಟಿದ ಮೇಲೆ ಗುಡ್ಡದ ನೆತ್ತಿಯ ಹೊಗೆ ಕಂಡಿತು. ಆಗಲೂ ಅದು ನಮ್ಮ ಮನೆಯದಾಗಿರಲಾರದು ಎಂದೇ ಇದ್ದೆ. ಕಾಡಂಚಿನಲ್ಲಿ ಬೇಸಿಗೆಗೆ ಮುಂಚೆ ಹುಲ್ಲು ಸವರಿ ಬಯಲು ಮಾಡಿ ಬಿಡುತ್ತಿದ್ದ ಬೆಂಕಿ ಪಟ್ಟಿ ಇರುತ್ತದಲ್ಲ, ಅದನ್ನು ದಾಟಿ ಬೆಂಕಿ ಎಂದೂ ಕೆಳಗಿಳಿದಿರಲಿಲ್ಲ. ಈ ವರ್ಷ ಅದನ್ನು ಸವರಿರಲಿಲ್ಲ. ಯಾರು ಸವರಬೇಕಿತ್ತು ಎಂಬ ವಿಷಯ ತಮ್ಮ ಮೊದಲ ಸಭೆಯಲ್ಲೇ ಚರ್ಚೆಗೆ ಬಂದು, ಮುಂದಿನ ಸಭೆಗೆ ಹೋಯಿತಂತೆ. ಇರಲಿ, ಅದರ ಪಾಡಿಗೆ ಅದು ಹೋಗುತ್ತಿರಲಿ.

ನಾನು ಹೋಗುವಷ್ಟರಲ್ಲಿ ಮೇಲಿನ ಬೀದಿಯ ಮನೆಗಳಲ್ಲಿ ಹೆಂಚು ಸಿಡಿದು ಬಿದ್ದು, ಗೋಡೆಗಳು ಮಾತ್ರ ನಿಂತಿದ್ದವು. ಅತ್ತೆ ಕುರಿಗಳ ಹಗ್ಗ ಕುಯ್ದು ಬಿಟ್ಟು, ಪಕ್ಕದ ಮನೆಯ ಬಾಣಂತಿಯನ್ನು ಕೂಸಿನ ಸಮೇತ ಎಳೆದುಕೊಂಡು ಕೆಳಗಿನ ಕೆರೆ ಏರಿಗೆ ಹೋಗಿದ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ದೊಡ್ಡ ಪುಣ್ಯ. ಅತ್ತೆಯ ಹುಬ್ಬು ಸುಟ್ಟಿತ್ತು. ನನ್ನನ್ನು ನೋಡಿದವರೇ, "ನಿನ್ ಮಗಳ್ ಪುಸ್ತಕ ತರಕ್ಕಾಗ್ಲಿಲ್ಲ ಕಣವ್ವ" ಎಂದರು. ಸುಟ್ಟ ಹುಬ್ಬಿನ ಹೆಂಗಸು ಪುಸ್ತಕ ತರಲಾಗದ್ದಕ್ಕೆ ನಾಚಿಕೊಂಡು ನಿಂತಿದ್ದರು. ನಮ್ಮ ಮನೆಗೆ ನಾಚಿಕೆ ಕಾಲಿಟ್ಟದ್ದು ಆ ಮಧ್ಯಾಹ್ನ. ಇನ್ನೂ ಹೋಗಿಲ್ಲ.

ಮರುದಿನ ತಾವು ಬಂದಿರಿ. ತಮ್ಮ ದನಿ ಮೃದುವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಚಾಪೆ, ಬಕೆಟ್ಟು, ಹೊದಿಕೆ ಕೊಡಿಸಿದಿರಿ. ಬೀದಿಯಲ್ಲಿ ನಿಂತು ಎರಡು ಮಾತು ಹೇಳಿದಿರಿ. ಒಂದು, ಪರಿಶೀಲನೆ ಮುಗಿಯುವವರೆಗೆ ಸುಟ್ಟ ಗೋಡೆಗಳನ್ನು ಕೆಡವಬಾರದು. ಇನ್ನೊಂದು, ಈ ಜಾಗ ವಾಸಕ್ಕೆ ಸುರಕ್ಷಿತವೇ ಎಂಬ ವರದಿ ಬರುವವರೆಗೆ ಯಾವ ನಿರ್ಮಾಣವೂ ಕೂಡದು. ನಾವೆಲ್ಲ ತಲೆ ಆಡಿಸಿದೆವು. ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದುಕೊಂಡೆವು. ಅಂದಿನಿಂದ ನಮ್ಮ ಮನೆ, ಸೂರಿಲ್ಲದ ನಾಲ್ಕು ಕಪ್ಪು ಗೋಡೆಯಾಗಿ, ರಸ್ತೆಗೆ ಮುಖ ಮಾಡಿ ನಿಂತಿದೆ. ಮುತ್ತತ್ತಿಗೆ ಹೋಗುವ ಕಾರುಗಳು ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗುತ್ತವೆ. ಅಡುಗೆಮನೆಯ ಗೂಡಿನಲ್ಲಿ ನಾನು ಅಂಟಿಸಿದ್ದ ಗ್ಯಾಸ್ ಏಜೆನ್ಸಿಯ ಸ್ಟಿಕ್ಕರು ಅರ್ಧ ಉಳಿದಿದೆ, ಅದೂ ಅವರಿಗೆ ಕಾಣುತ್ತದೆ. ಬಟ್ಟೆ ಕಳಚಿದ ಮೈಯನ್ನು ಬೀದಿಯಲ್ಲಿ ನಿಲ್ಲಿಸಿದ ಹಾಗೆ ಎಂದು ಬರೆದರೆ ತಾವು ಅತಿಯಾಯಿತು ಎನ್ನಬಹುದು. ತಮ್ಮ ಮನೆಯ ಮುಂಗೋಡೆಯನ್ನು ಒಂದು ವಾರ ತೆಗೆಸಿಟ್ಟು ನೋಡಿ, ಆಮೇಲೆ ಹೇಳಿ.

ನಾವು ಹೋದದ್ದು ಗೆಜ್ಜಲಗೆರೆಗೆ, ಯಜಮಾನರ ತಂಗಿ ಚೈತನ್ಯಾಳ ಮನೆಗೆ. ಅವಳು ಮತ್ತು ಅವಳ ಗಂಡ ಬಾಡಿಗೆಗಿರುವ ವಠಾರದ ಮನೆ. ಒಂದು ಕೋಣೆ, ಒಂದು ಹಜಾರ, ಅಡುಗೆಗೊಂದು ಮೂಲೆ. ಬಚ್ಚಲು ಹೊರಗಡೆ, ವಠಾರಕ್ಕೆಲ್ಲ ಒಂದೇ. ಚೈತನ್ಯಾ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಜಾರದಲ್ಲಿ ನಾವು ಮಲಗುತ್ತೇವೆಂದು ಅವಳ ಗಂಡ ಕ್ರಿಕೆಟ್ ನೋಡುವುದನ್ನು ಬಿಟ್ಟರು. ಹೊಸದಾಗಿ ತಂದಿದ್ದ ಸೋಫಾವನ್ನು ಗೆಳೆಯರ ಮನೆಯಲ್ಲಿ ಇಟ್ಟು ಬಂದರು. ಅತ್ತೆಗೆ ಅದು ಮಗಳ ಮನೆ. ಮಗಳ ಮನೆಯಲ್ಲಿ ಹಬ್ಬಕ್ಕೆ ಬಂದು ಎರಡು ದಿನ ಇರಬಹುದು, ಗುಡಾರ ಹೂಡಬಾರದು ಎಂದು ನಂಬಿದ ತಲೆಮಾರು ಅವರದು. ಅಳಿಯ ಉಂಡು ಎದ್ದ ಮೇಲೆ ಕೂರುತ್ತಿದ್ದರು, ಒಂದು ಮುದ್ದೆಗೆ ಕೈ ತೊಳೆಯುತ್ತಿದ್ದರು. "ಇನ್ನೊಂದ್ ಇಕ್ಕುಸ್ಕೊಳವ್ವ" ಎಂದು ಚೈತನ್ಯಾ ಅತ್ತೇಬಿಟ್ಟಳು ಒಂದು ದಿನ. "ಒಟ್ಟೆ ತುಂಬ್ತು ಕಣ್ ಬುಡು" ಎಂದು ಇವರು. ಬೆಳಗಾಗುತ್ತಲೇ ಬಸ್ಸು ಹತ್ತಿ ಊರಿಗೆ ಹೋಗಿಬಿಡುತ್ತಿದ್ದರು. ಕುರಿಗಳನ್ನು ಕೆಳಬೀದಿಯವರ ಕೊಟ್ಟಿಗೆಯಲ್ಲಿ ಕಟ್ಟಿದ್ದೆವು, ಅದೇ ಅವರಿಗೆ ನೆಪ. ಸುಟ್ಟ ಮನೆಯ ಜಗಲಿಯ ಮೇಲೆ ಕುಳಿತು ಸಂಜೆಗೆ ಬರುತ್ತಿದ್ದರು. ಜಗಲಿಯ ಮೇಲೆ ಕೂರುವುದು ನಿರ್ಮಾಣದ ಲೆಕ್ಕಕ್ಕೆ ಬರುತ್ತದೆಯೇ ಎಂದು ಆಗ ತಮ್ಮನ್ನು ಕೇಳಿಕೊಳ್ಳಬೇಕಿತ್ತು, ತೋಚಲಿಲ್ಲ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಮನೆ ಸುಟ್ಟ ಸುದ್ದಿ ತಿಳಿದು ಗಾರ್ಮೆಂಟ್ಸಿನ ಹುಡುಗಿಯರು ಬಟ್ಟೆ ಕೂಡಿಸಿ ಕೊಟ್ಟಿದ್ದರು. ಅದರಲ್ಲಿ ಒಂದು ನೀಲಿ ಸೀರೆ ಚೆನ್ನಾಗಿತ್ತು. ಉಟ್ಟುಕೊಂಡು ಹೋದ ದಿನ ಊಟದ ಹಾಲಿನಲ್ಲಿ ಅರ್ಪಿತ ಎಂಬ ಹುಡುಗಿ, ಬಟನ್ ಸೆಕ್ಷನ್ನಿನವಳು, ದೂರದಿಂದಲೇ ಕೂಗಿದಳು: "ಶಾಲಿನಕ್ಕ, ನಂಗಿಂತ ನಿಂಗೇ ಒಪ್ತದೆ ಕಣಕ್ಕ ಈ ಸೀರೆ!" ಅವಳ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಸಂತೋಷಕ್ಕೇ ಹೇಳಿದ್ದು. ಸುತ್ತ ಕುಳಿತವರೆಲ್ಲ ತಿರುಗಿ ಸೀರೆ ನೋಡಿದರು. ನಾನೂ ನಕ್ಕೆ. ಕೈಯಲ್ಲಿದ್ದ ಡಬ್ಬಿಯನ್ನು ತೆರೆಯಲೇ ಇಲ್ಲ. ಸಂಜೆ ವಠಾರಕ್ಕೆ ನಡೆದು ಬರುವಾಗ, ನಾನು ಹೊಲಿದ ಕಾಲರು ಹಾಕಿಕೊಂಡು ಯಾವ ಯಾವ ದೇಶದವರೋ ಓಡಾಡುತ್ತಾರೆ, ನನ್ನ ಮೈಮೇಲೆ ನನ್ನದೆನ್ನುವ ಒಂದು ನೂಲಿಲ್ಲವಲ್ಲ ಎನಿಸಿತು. ಕೊಟ್ಟವರ ಮೇಲೆ ಕೋಪ ಬಂತು. ಕೊಟ್ಟವರ ಮೇಲೆ ಕೋಪ ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಈಗ ತಮ್ಮ ವರದಿಯ ವಿಷಯಕ್ಕೆ ಬರುತ್ತೇನೆ. ಅಲ್ಲೇ ಮನೆ ಕಟ್ಟಬೇಕೋ ಬೇಡವೋ ಎಂಬುದು ಸುಮ್ಮನೆ ಹೇಳಿಬಿಡುವ ಮಾತಲ್ಲ ಎಂದು ನನಗೂ ಗೊತ್ತು. ತಮ್ಮ ಸಮಿತಿಗಿಂತ ಮೊದಲು ಅದರ ಸಭೆ ನಡೆದದ್ದು ಚೈತನ್ಯಾಳ ಹಜಾರದಲ್ಲಿ. ಯಜಮಾನರು ಮೊದಲಿನಿಂದಲೂ ಕಟ್ಟೋಣ ಎನ್ನುವವರು. ಬೇಡ ಎಂದವಳು ನಾನೇ. ಕಾರ್ಖಾನೆಯಲ್ಲಿ ಇಸ್ತ್ರಿ ಟೇಬಲ್ಲಿನಿಂದ ಬಟ್ಟೆ ಸೀದ ವಾಸನೆ ಬಂದರೆ ನನ್ನ ಕೈ ಮಿಷನ್ನಿನ ಮೇಲೆ ನಿಂತುಹೋಗುತ್ತಿತ್ತು. ಹೊಸ ಮನೆ ಕಟ್ಟಿ, ಅದರೊಳಗೆ ಮಗಳನ್ನು ಬಿಟ್ಟು ಕೆಲಸಕ್ಕೆ ಬಂದು, ಪ್ರತಿ ಬೇಸಿಗೆಯಲ್ಲೂ ಗುಡ್ಡದ ಕಡೆ ಕಣ್ಣಿಟ್ಟು ಬದುಕುವುದು ಹೇಗೆ?

"ಬೇರೆ ಕಡೆ ಜಾಗ ಕೊಟ್ರೆ ಓಗಣ ಕಣ್ರೀ. ಇನ್ನೊಂದು ಬೇಸ್ಗೆ ನೋಡಿ ಕಟ್ಟಣ" ಎಂದೆ.

"ಯಾರ್ ಕೊಡ್ತಾರೆ ಜಾಗನ? ಎಲ್ ಕೊಡ್ತಾರೆ? ಅದ್ನಾರ ಏಳವ್ರಾ?" ಎಂದರು ಯಜಮಾನರು.

"ರಿಪೋರ್ಟ್ ಬರ್ಲಿ."

"ಬತ್ತದೆ, ಬತ್ತದೆ. ನಿನ್ ಮಗಳ್ ಮದ್ವೆಗೆ ಬತ್ತದೆ."

ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಎದ್ದು ಕುಳಿತರು. "ಅಲ್ಲ ಕಣ್ ಸಾಲಿನಿ, ಬೆಂಕಿ ಬಂದ್ರೆ ಓಡಾದು. ಮೊನ್ನೆ ಓಡ್ಲಿಲ್ವಾ? ಬೆಂಕಿ ಆರುದ್ ಮ್ಯಾಲೆ ವಾಪಸ್ ಓಗಕ್ಕೆ ಒಂದ್ ಮನೆ ಬ್ಯಾಡ್ವಾ?" ಎಂದರು.

ಅತ್ತೆಯ ಮಾತು ಸರಿಯೇ ಇತ್ತು. ಆದರೂ ನನ್ನ ಭಯ ಹೋಗಲಿಲ್ಲ. ಮೂರು ತಿಂಗಳು ಮನೆಯವರನ್ನು ತಡೆದು ನಿಲ್ಲಿಸಿದ್ದು ನಾನೇ, ತಮ್ಮ ವರದಿಯ ಹೆಸರು ಹೇಳಿಕೊಂಡು. ಆ ಮಟ್ಟಿಗೆ ತಮ್ಮ ಸಮಿತಿಗೆ ಆ ಮನೆಯಲ್ಲಿದ್ದ ಏಕೈಕ ವಕೀಲೆ ನಾನು. ಆ ವಕಾಲತ್ತನ್ನು ಯಾಕೆ ಬಿಟ್ಟೆ ಎಂದು ಹೇಳಬೇಕು.

ಇಲ್ಲಿಂದ ಮುಂದಿನದು ನನ್ನ ಮಗಳ ವಿಷಯ. ಬಹಿರಂಗ ಪತ್ರದಲ್ಲಿ ಬರೆಯುವಂಥದ್ದಲ್ಲ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕೊ ಅಮ್ಮ, ಫೋಟೊನೇ ಊರೆಲ್ಲ ನೋಡಾಗದೆ. ನೀನ್ ಬರುದ್ರೆ ಯಾಕೆ ಏನು ಅಂತಾದ್ರೂ ಗೊತ್ತಾಯ್ತದೆ" ಎಂದಳು. ಯಾವ ಫೋಟೊ ಎಂದು ತಮಗೆ ಗೊತ್ತು. ಓದುವವರಿಗಾಗಿ ವಿವರಿಸುತ್ತೇನೆ.

ಶಾಲೆ ಶುರುವಾಗಿ ಕೆಲವೇ ದಿನ ಆಗಿತ್ತು. ಬೆಳಗಿನ ಹೊತ್ತು, ವಠಾರದ ಗಂಡಸರೆಲ್ಲ ಮೊದಲ ಪಾಳಿಗೆ ಹೊರಡುವ ಗಡಿಬಿಡಿ. ಬಚ್ಚಲಿನ ಮುಂದೆ ಬಕೆಟ್ಟುಗಳ ಸಾಲು. ಒಳಗೆ ಯಾರೋ ಹಾಡು ಹೇಳಿಕೊಂಡು ನಿಧಾನಕ್ಕೆ ಸ್ನಾನ ಮಾಡುತ್ತಿದ್ದರು. ಶೋಭಿತಾ ಸಾಲಿನಲ್ಲಿ ನಿಂತಿದ್ದಳು, ಗೋಡೆಗೆ ಬೆನ್ನು ಒತ್ತಿಕೊಂಡು. ನಾನು ಅಡುಗೆ ಮೂಲೆಯ ಕಿಟಕಿಯಿಂದ ನೋಡಿ, "ಯಾಕೆ ಅಂಗ್ ನಿಂತಿದ್ದೀಯೆ, ಮುಂದಕ್ಕೋಗು" ಎಂದು ಗದರಿದೆ. ಅವಳು ಅಲ್ಲಾಡಲಿಲ್ಲ. ಸಾಲಿನಲ್ಲಿ ಅವಳ ಹಿಂದೆ ಇದ್ದ ಗಂಡಸರು ಒಬ್ಬೊಬ್ಬರೇ ಅವಳನ್ನು ದಾಟಿ ಮುಂದೆ ಹೋದರು. ಚೈತನ್ಯಾ ಹಿತ್ತಿಲಿನಿಂದ ಬಂದವಳು ನೋಡಿದಳು, ಹೆಗಲ ಮೇಲಿದ್ದ ಟವೆಲ್ಲನ್ನು ಅವಳ ಸೊಂಟಕ್ಕೆ ಸುತ್ತಿ, ತಬ್ಬಿಕೊಂಡು ಒಳಗೆ ಕರೆತಂದಳು. "ಅತ್ಗೆ, ಮಗ ದೊಡ್ಡೋಳಾಗವ್ಳೆ ಕಣೆ" ಎಂದಳು. ಮಗಳು ನನ್ನನ್ನು ನೋಡಲಿಲ್ಲ. "ಚೈತನ್ಯತ್ತೆ ಬೆಡ್‌ಶೀಟು ಕೊಳೆ ಆಗದೆ, ನಾನೇ ಒಗೀತೀನಿ" ಎಂದಳು, ಅಷ್ಟೇ. ಗದರಿದ ನನ್ನ ಬಾಯಿಗೆ ಏನು ಹಾಕಿಕೊಳ್ಳಲಿ?

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪು, ತೆಂಗಿನ ಗರಿ ತಂದು ಮನೆಯ ಮುಂದೆ ಗುಡ್ಲು ಹಾಕುತ್ತಾನೆ. ಹುಡುಗಿಯನ್ನು ಅದರಲ್ಲಿ ಕೂರಿಸಿ, ಹೆಂಗಸರು ಸಂಜೆ ಹಾಡು ಹೇಳಿ ಆರತಿ ಎತ್ತುತ್ತಾರೆ, ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಈ ಶಾಸ್ತ್ರದ ಮೇಲೆ ನನಗೇನೂ ವ್ಯಾಮೋಹವಿಲ್ಲ. ನನ್ನನ್ನು ಕೂರಿಸಿದಾಗ ಯಾವಾಗ ಎದ್ದು ಓಡುತ್ತೇನೋ ಎನಿಸಿತ್ತು. ಮಗಳಿಗೆ ಬೇಡ ಎಂದೇ ಇದ್ದೆ. ಚೈತನ್ಯಾ ಇಲ್ಲೇ ಚಿಕ್ಕದಾಗಿ ಆರತಿ ಮಾಡೋಣ ಎಂದಳು. ವಠಾರದ ಮಾಲೀಕರು ಗಲಾಟೆ ಬೇಡ ಎಂದರು. ಅತ್ತೆ, "ಮಗ ಕೂರಾದು ಅವ್ಳ್ ತಾತನ ಬಾಗ್ಲಲ್ಲಿ. ಇನ್ನೊಬ್ರ ಬಾಗ್ಲಲ್ಲಲ್ಲ" ಎಂದು ಪಟ್ಟು ಹಿಡಿದರು. ಬಾಗಿಲೇ ಇಲ್ಲವಲ್ಲ ಎಂದು ನಾನು ಹೇಳುವುದರೊಳಗೆ ಶೋಭಿತಾ ಅಂದಳು: "ಊರಿಗೇ ಓಗಣ ಅಮ್ಮ. ಅಲ್ಲಿ ಯಾರೂ ಕಾಯ್ಕೊಂಡು ನಿಂತಿರಲ್ಲ."

ಹಾಗಾಗಿ ಹೋದೆವು. ನನ್ನ ಅಣ್ಣ ಕೆಂಪಸಿದ್ದಯ್ಯ ದುದ್ದದಿಂದ ಬಂದ, ಗಾಡಿ ತುಂಬ ಹೊಂಗೆ ಸೊಪ್ಪು, ತೆಂಗಿನ ಗರಿ. ಸುಟ್ಟ ಗೋಡೆಗೆ ಒರಗಿಸಿದಂತೆ ಗುಡ್ಲು ಕಟ್ಟಿದ. ಕಪ್ಪು ಗೋಡೆಯ ಮುಂದೆ ಆ ಹಸಿರು ನೋಡಿ ಬೀದಿಯ ಹೆಂಗಸರು ಸುಮ್ಮನೆ ನಿಂತುಬಿಟ್ಟರು. ಬೆಂಕಿ ಬಿದ್ದ ಮೇಲೆ ಆ ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಸೇರಿದ್ದು ಅದೇ ಮೊದಲು. ಯಾರ ಮನೆಯಲ್ಲೋ ಉಳಿದುಕೊಂಡಿದ್ದವರು, ಎಲ್ಲೋ ಶೆಡ್ಡು ಸೇರಿದ್ದವರು, ಎಲ್ಲ ಬಂದಿದ್ದರು. ಅತ್ತೆ ಎಳೆದು ತಂದು ಉಳಿಸಿದ್ದ ಬಾಣಂತಿ ಕೂಸನ್ನು ಕಂಕುಳಿಗೆ ಏರಿಸಿಕೊಂಡು ಬಂದಿದ್ದಳು. ಯಾರೋ ಹಾಡು ಎತ್ತಿಕೊಂಡರು. ಮಗಳು ಅರಿಶಿನ ಹಚ್ಚಿಕೊಂಡು ಕುಳಿತಿದ್ದವಳು, ಅವಳ ಮಾವ ತಲೆಗೆ ಮುಡಿಸಲು ಹೋಗಿ ಮಲ್ಲಿಗೆ ದಂಡೆಯನ್ನು ಕಿವಿಗೆ ಸಿಕ್ಕಿಸಿದ್ದಕ್ಕೆ ಜೋರಾಗಿ ನಕ್ಕಳು. ಶಿವರಾತ್ರಿ ಆದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆ ಹೊತ್ತಿಗೆ ತಮ್ಮ ಜೀಪು ಬಂತು.

ತಾವು ಇಳಿದಿರಿ. ನೆನಪಿದೆಯೇ? ತಮಗೆ ನೆನಪಿಲ್ಲದಿರಬಹುದು, ಅಂದು ಇನ್ನೂ ಎರಡು ಊರು ನೋಡುವುದಿತ್ತು ಎಂದು ಕೇಳಿದ್ದೇನೆ.

"ಏನಿದು? ಯಾರು ಹಾಕಿದ್ದು ಈ ಶೆಡ್ಡು?" ಎಂದಿರಿ.

"ಶೆಡ್ಡಲ್ಲ ಸಾ, ಗುಡ್ಲು. ನಮ್ಮ ತಂಗಿ ಮಗ್ಳು ದೊಡ್ಡೋಳಾಗವ್ಳೆ" ಎಂದ ನನ್ನ ಅಣ್ಣ.

"ಏನಾದರೂ ಆಗಲಿ, ಈ ಜಾಗದಲ್ಲಿ ನಿರ್ಮಾಣ ನಿಷೇಧ ಇದೆ ಅಂತ ಗೊತ್ತಿಲ್ವಾ? ಪರವಾನಗಿ ಇದೆಯಾ?"

ಅತ್ತೆ ಕೈಮುಗಿದರು. "ಸೊಪ್ಪಿನ್ದು ಸಾಮಿ ಇದು. ನಾಳ್ದಿಗೆ ಬಾಡೋಯ್ತದೆ."

ತಾವು ಅವರನ್ನು ನೋಡಲಿಲ್ಲ. "ಫೋಟೊ ತಗೊಳ್ಳಿ, ಲೊಕೇಷನ್ ಬರೋ ಹಾಗೆ ತಗೊಳ್ಳಿ" ಎಂದು ಸಿಬ್ಬಂದಿಗೆ ಹೇಳಿದಿರಿ. ಅವರು ಫೋನು ಹಿಡಿದು ಬಗ್ಗಿದರು. ಹಾಡು ನಿಂತುಹೋಯಿತು. ಮಗಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಆರತಿ ತಟ್ಟೆ ಹಿಡಿದುಕೊಂಡೇ ಅಡ್ಡ ಹೋಗಿ, "ಒಳಗೆ ಮಗಳು ಕೂತಿದ್ದಾಳೆ ಸರ್" ಎಂದೆ. ಆಗ ತಾವು ಹೇಳಿದ ಮಾತು, ಇಷ್ಟು ತಿಂಗಳಲ್ಲಿ ತಾವು ನಮಗೆ ನೇರವಾಗಿ ಹೇಳಿದ ಒಂದೇ ಒಂದು ಸ್ಪಷ್ಟವಾದ ಮಾತು: "ಮಗು ಪಕ್ಕಕ್ಕೆ ಸರೀಲಿ, ಸ್ಟ್ರಕ್ಚರ್ ಕಾಣಬೇಕು."

ಅವಳು ಸರಿದಳು. ಕುಳಿತಲ್ಲೇ, ಮೊಣಕಾಲಿನ ಮೇಲೆ, ಮೂಲೆಗೆ ಸರಿದಳು. ನಾನು ಸರಿದೆ. ನನ್ನ ಅಣ್ಣ, ದುದ್ದದ ಸಂತೆಯಲ್ಲಿ ಎತ್ತಿಗೆ ಎತ್ತರದ ದನಿಯಲ್ಲಿ ಬೆಲೆ ಕೂಗುವ ಗಂಡಸು, ಸರಿದ. ಜೀಪಿನ ಮುಂದೆ ಇಡೀ ಬೀದಿ ಪಕ್ಕಕ್ಕೆ ಸರಿದು ಸ್ಟ್ರಕ್ಚರನ್ನು ಕಾಣಿಸಿದೆವು.

ಎರಡು ದಿನ ಕಳೆದು ಸಂತ್ರಸ್ತರಿಗೆಂದೇ ತಮ್ಮ ಕಚೇರಿ ಮಾಡಿರುವ ವಾಟ್ಸಾಪ್ ಗುಂಪಿನಲ್ಲಿ ಎಚ್ಚರಿಕೆಯ ಸೂಚನೆ ಬಂತು. 'ನಿಷೇಧಿತ ಸ್ಥಳದಲ್ಲಿ ಅನಧಿಕೃತವಾಗಿ ತಾತ್ಕಾಲಿಕ ಶೆಡ್ ನಿರ್ಮಿಸಿರುವುದು ಕಂಡುಬಂದಿದ್ದು, ಇತರರು ಇದನ್ನು ಅನುಸರಿಸತಕ್ಕದ್ದಲ್ಲ.' ಕೆಳಗೆ ಫೋಟೊ. ಮೂಲೆಯಲ್ಲಿ ಅರಿಶಿನದ ಎರಡು ಪಾದ, ಗೆಜ್ಜೆ, ಸೆರಗು ಮುಚ್ಚಿದ ಒಂದು ಮುಖ. ಗುಂಪಿನಿಂದ ಗುಂಪಿಗೆ ಹಾರುತ್ತಾ ಅದು ಶಾಲೆಯವರೆಗೂ ಹೋಯಿತು. ಗೆಜ್ಜೆ ನೋಡಿ ಯಾರೋ ಗುರುತು ಹಿಡಿದರಂತೆ. 'ಅನಧಿಕೃತ' ಎಂದು ಹುಡುಗರು ಅವಳಿಗೆ ಹೆಸರಿಟ್ಟರು. ಮಗಳು ಗೆಜ್ಜೆ ಬಿಚ್ಚಿಟ್ಟಳು, ಶಾಲೆಗೆ ಹೋಗಲ್ಲ ಎಂದಳು. ಯಜಮಾನರು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹೆಡ್‌ಮಾಸ್ತರ ಹತ್ತಿರ ಮಾತಾಡಿ, ದಿನಾ ಗೇಟಿನವರೆಗೆ ಬಿಟ್ಟು, ಅಂತೂ ಹೋಗುವ ಹಾಗಾಯಿತು. ಫೋಟೊ ತೆಗೆಸಿಹಾಕಿ ಎಂದು ಕೇಳಲು ನಾನು ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ಅದು ಕಡತದ ಭಾಗವಾಗಿದೆ, ತೆಗೆಯಲು ಬರುವುದಿಲ್ಲ ಎಂದರು. ಮಾನ್ಯರೇ, ನಮ್ಮ ಮನೆಯ ಬಗ್ಗೆ ಒಂದು ಸಾಲು ಬರೆಯದ ಕಡತದಲ್ಲಿ ನನ್ನ ಮಗಳ ಪಾದ ಭದ್ರವಾಗಿದೆ. ಬೆಂಕಿ ಬಂದ ದಿನ ಇಷ್ಟು ಚುರುಕು ಯಾರಲ್ಲೂ ಕಾಣಲಿಲ್ಲವಲ್ಲ? ಕಾಡಿಗೆ ಬಿದ್ದ ಬೆಂಕಿ ಕಾಣದ ಕಣ್ಣಿಗೆ ಹೊಂಗೆ ಸೊಪ್ಪು ಅಷ್ಟು ದೂರದಿಂದ ಹೇಗೆ ಕಂಡಿತು?

ಇನ್ನೊಂದು ವಿಷಯ ತಮ್ಮ ಸೂಚನೆಯಲ್ಲಿ ಇರಲಿಲ್ಲ, ತಿಳಿಸುತ್ತೇನೆ. ಶಾಸ್ತ್ರ ಮುಗಿದ ಮೇಲೆ ನಮ್ಮಲ್ಲಿ ಆ ಗುಡ್ಲನ್ನು ಸುಡುತ್ತಾರೆ. ಅಣ್ಣ ಬೆಂಕಿಪೊಟ್ಟಣ ತೆಗೆದ. ಕಡ್ಡಿ ಗೀರಲು ಆಗಲಿಲ್ಲ ಅವನಿಗೆ. ನನ್ನ ಕೈಗೆ ಕೊಟ್ಟ, ನಾನು ಯಜಮಾನರ ಕೈಗೆ ಕೊಟ್ಟೆ. ಅತ್ತೆ ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡರು. "ಇಲ್ಲಿ ಇನ್ ಏನ್ನೂ ಸುಡಾದ್ ಬ್ಯಾಡ ಕಣ್ರಪ್ಪ" ಎಂದರು. ಗರಿ ಬಿಚ್ಚಿ, ಸೊಪ್ಪನ್ನು ತಿಪ್ಪೆಗೆ ಹಾಕಿದೆವು. ತಮ್ಮ ಸಿಬ್ಬಂದಿ ತೆರವುಗೊಳಿಸಲು ಬಂದಾಗ ಅಲ್ಲಿ ನೆಲ ಮಾತ್ರ ಇತ್ತು. ತೆರವಾಗಿದೆ ಎಂದು ಬರೆದುಕೊಂಡು ಹೋದರು.

ಗುಡ್ಲು ಬಿಚ್ಚಿದ ದಿನ ಊರಿನಿಂದ ವಾಪಸ್ಸು ಬರುವಾಗ ನಾನು ಯಜಮಾನರಿಗೆ ಹೇಳಿದೆ, "ಕಟ್ಟಣ ಕಣ್ರೀ. ಇನ್ ಕಾಯಾದ್ ಬೇಡ." ಅವರು ಆಟೋ ನಿಲ್ಲಿಸಿ, ನಿಜವಾಗಿ ಹೇಳುತ್ತಿದ್ದೀಯಾ ಎಂಬಂತೆ ತಿರುಗಿ ನೋಡಿದರು. ಭಯ ಹೋಗಿತ್ತೇ? ಇಲ್ಲ. ಮಳೆಗೆ ಗುಡ್ಡದ ಹುಲ್ಲು ಕಳೆದ ವರ್ಷಕ್ಕಿಂತ ಎತ್ತರ ಬೆಳೆದಿದೆ, ಮಾಗಿ ಕಳೆದರೆ ಒಣಗುತ್ತದೆ, ನನಗೆ ಕಾಣುತ್ತದೆ. ಆದರೆ ಸುರಕ್ಷತೆ ಎಂದರೆ ಬೆಂಕಿಯಿಂದ ದೂರ ಇರುವುದಷ್ಟೇ ಅಲ್ಲ ಎಂದು ಬಚ್ಚಲಿನ ಸಾಲಿನಲ್ಲಿ ನಿಂತಿದ್ದ ನನ್ನ ಮಗಳನ್ನು ನೋಡಿದ ಮೇಲೆ ತಿಳಿಯಿತು. ಆ ಸಾಲಿನಲ್ಲಿ ಅವಳು ಸುರಕ್ಷಿತಳಾಗಿದ್ದಳೇ? ತಮ್ಮ ವರದಿ ಬರೆಯುವ ತಜ್ಞರು ಅದನ್ನೂ ಒಮ್ಮೆ ಅಳೆದು ನೋಡಲಿ.

ಕಟ್ಟಬೇಡಿ ಎಂದು ಹೇಳಿದರೂ ನಾವು ಸಿಟ್ಟಾಗುವುದಿಲ್ಲ. ಈ ಜಾಗ ಅಪಾಯ, ಇಲ್ಲಿ ಬೇಡ, ಇಗೋ ಅಲ್ಲಿ ಕಟ್ಟಿಕೊಳ್ಳಿ ಎಂದು ಕೈ ತೋರಿಸಿದರೆ ಅತ್ತೆ ಒಂದು ದಿನ ಅತ್ತು, ಮರುದಿನ ಕುರಿ ಹೊಡೆದುಕೊಂಡು ಬರುತ್ತಾರೆ. ಕಟ್ಟಿ ಎಂದರೆ ನಾಳೆಯೇ ಕಲ್ಲು ಇಳಿಸುತ್ತೇವೆ, ನಮ್ಮ ಬೀದಿಯವರೇ ಸೇರಿ ಬೆಂಕಿ ಪಟ್ಟಿ ಸವರಿಕೊಳ್ಳುತ್ತೇವೆ. ಎರಡೂ ಹೇಳದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಜನ ಏನಾಗುತ್ತಾರೆ ಗೊತ್ತೇ? ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಡುತ್ತಾರೆ. ಬಸ್ಸಿನಲ್ಲಿ ಊರಿನವರು ಸಿಕ್ಕರೆ, 'ಮನೆ ಕಟ್ಟುದ್ರಾ?' ಎಂದು ಕೇಳುತ್ತಾರೇನೋ ಎಂದು ನಾನು ಕಿಟಕಿ ಕಡೆ ತಿರುಗುತ್ತೇನೆ. ಏನು ತಪ್ಪು ಮಾಡಿದೆನೆಂದು ತಿರುಗುತ್ತೇನೆ? ನನಗೇ ತಿಳಿಯದು.

ಆದ್ದರಿಂದ ತಮ್ಮ ಗಮನಕ್ಕೆ ತರುವುದೇನೆಂದರೆ, ಮಳೆ ಬಿಡುತ್ತಲೇ ನಾವು ಕಟ್ಟಲು ಶುರು ಮಾಡಿದ್ದೇವೆ. ಸುಟ್ಟ ಗೋಡೆಯನ್ನು ಮುಟ್ಟಿಲ್ಲ, ಅದು ತಮ್ಮ ಪರಿಶೀಲನೆಗೆ ಹಾಗೇ ಇದೆ. ಹಿತ್ತಿಲಿನಲ್ಲಿ, ಮೊದಲಿಗೆ, ಒಂದು ಬಚ್ಚಲು ಕಟ್ಟಿದ್ದೇವೆ. ಸಿಮೆಂಟ್ ಇಟ್ಟಿಗೆ, ಮೇಲೆ ಶೀಟು, ನೀರಿಗೆ ಡ್ರಮ್ಮು. ಅಣ್ಣ ಬಾಗಿಲು ತಂದು ಕೂರಿಸಿದ. ಒಳಗಿನಿಂದ ಹಾಕಿಕೊಳ್ಳುವ ಚಿಲಕವನ್ನು ಶೋಭಿತಾಳೇ ಮದ್ದೂರಿನ ಅಂಗಡಿಯಲ್ಲಿ ಎಳೆದು, ತಳ್ಳಿ, ನಾಲ್ಕು ನೋಡಿ ಆರಿಸಿದಳು. ಮೊದಲ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೀರಿನ ಸದ್ದೂ ಇರಲಿಲ್ಲ. ನಾನು ಬಾಗಿಲ ಹತ್ತಿರ ಹೋಗಿ, "ಏನ್ ಮಾಡ್ತಿದ್ದೀಯೆ ಮಗ?" ಎಂದೆ.

"ಏನೂ ಇಲ್ಲಮ್ಮ. ಸುಮ್ನೆ ಕೂತಿದ್ದೀನಿ" ಎಂದಳು ಒಳಗಿನಿಂದ.

ಅತ್ತೆ, "ಕೂತಿರ್ಲಿ ಬುಡು" ಎಂದರು. ನಾವಿಬ್ಬರೂ ಹೊರಗೆ ಕಲ್ಲಿನ ಮೇಲೆ ಕುಳಿತೆವು.

ನನ್ನ ಬೇಡಿಕೆ ಇಷ್ಟು. ಗುಡ್ಡದ ಹುಲ್ಲು ಒಣಗುವ ಮೊದಲು ತಾವು ಹುಣಸೇಬೋರೆಗೆ ಬನ್ನಿ. ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ಇಲ್ಲಿ ಕಟ್ಟಿ ಎನ್ನಿ, ಅಥವಾ ಇಲ್ಲಿ ಬೇಡ, ಅಲ್ಲಿ ಎನ್ನಿ. ಆ ಫೋಟೊವನ್ನು ಕಡತದಿಂದ ತೆಗೆದು ತಂದು ನನ್ನ ಮಗಳ ಕೈಗೆ ಕೊಡಿ. ಏನು ಮಾಡಬೇಕೆಂದು ಅವಳು ಹೇಳುತ್ತಾಳೆ. ತಾವು ಬರದಿದ್ದರೆ ಬಚ್ಚಲಿನ ಪಕ್ಕದಲ್ಲಿ ಅಡುಗೆಮನೆ ಏಳುತ್ತದೆ, ಅದರ ಪಕ್ಕದಲ್ಲಿ ಮಲಗುವ ಕೋಣೆ. ಅನಧಿಕೃತ ಎಂದು ಬರೆದುಕೊಳ್ಳಲು ಜೀಪು ಬಂದರೆ ಬರಲಿ. ಒಂದು ಮಾತ್ರ ನೆನಪಿನಲ್ಲಿರಲಿ: ಹಿತ್ತಿಲಿನ ಆ ಬಾಗಿಲು ಮುಚ್ಚಿದ್ದರೆ, ಒಳಗೆ ನನ್ನ ಮಗಳಿರುತ್ತಾಳೆ. ಈ ಸಲ ಅವಳು ಪಕ್ಕಕ್ಕೆ ಸರಿಯುವುದಿಲ್ಲ. ಎಷ್ಟು ಹೊತ್ತಾದರೂ ಸರಿ, ತಾವು ಹೊರಗೆ ಕಾದು ನಿಲ್ಲಬೇಕಾಗುತ್ತದೆ.

ಇಂತಿ,
ಸದ್ಯಕ್ಕೆ ಒಂದು ಬಚ್ಚಲಿನ ಒಡತಿ, ತಲೆ ತಗ್ಗಿಸಿಯೇ ಇಷ್ಟನ್ನು ಬರೆದ
ಶಾಲಿನಿ ಪ್ರಸನ್ನ
ಮೇಲಿನ ಬೀದಿ, ಹುಣಸೇಬೋರೆ